ಅನುವಂಶೀಯ ಅಲ್ಝೈಮರ್‌ನಲ್ಲಿ ಪ್ಲೇಕ್ ಬೇರೆ ಥರ ಇರುತ್ತದಾ?

ಶ್ವೇತಾ_ಬಯೋ: ಎಂ.ಎಸ್ಸಿ ಓದುತ್ತಿದ್ದೇನೆ. ವಯಸ್ಸಾದವರಿಗೆ ಬರುವ ಮಾಮೂಲಿ ಅಲ್ಝೈಮರ್‌ನಲ್ಲೂ, ಒಂದೇ ಮನೆತನದಲ್ಲಿ 40-50ರ ವಯಸ್ಸಿಗೇ ಬರುವ ಅಲ್ಝೈಮರ್‌ನಲ್ಲೂ ಮೆದುಳಿನಲ್ಲಿ ಅಮಿಲಾಯ್ಡ್ ಪ್ಲೇಕ್ (ನರಕೋಶಗಳ ನಡುವೆ ಸೇರುವ ಪ್ರೋಟೀನ್ ಗಂಟು) ಕಟ್ಟುತ್ತದೆ ಅಂತ ಪುಸ್ತಕದಲ್ಲಿದೆ. ಕಾರಣ ಬೇರೆ ಆದಮೇಲೆ ಪ್ಲೇಕಿನ ಒಳಗಿರುವುದೂ ಬೇರೆ ಇರಬೇಕಲ್ವಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ರಾಘು_ಎನ್: ಒಳ್ಳೆಯ ಪ್ರಶ್ನೆ ಶ್ವೇತಾ. ಮುಖ್ಯ ವಸ್ತು ಎರಡರಲ್ಲೂ ಬೀಟಾ ಅಮಿಲಾಯ್ಡ್. ಎಪಿಪಿ ಅನ್ನುವ ದೊಡ್ಡ ಪ್ರೋಟೀನನ್ನು ಕಿಣ್ವಗಳು ಕತ್ತರಿಸಿದಾಗ ಉಳಿಯುವ ತುಂಡು ಅದು. ಜಾಸ್ತಿ ತುಂಡುಗಳು 40 ಅಮೈನೋ ಆಮ್ಲದಷ್ಟು ಉದ್ದ, ಸ್ವಲ್ಪ ಮಾತ್ರ 42. ಈ 42ರದ್ದು ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೊನೆಯ ಕತ್ತರಿ ಹಾಕುವುದು ಗಾಮಾ ಸೀಕ್ರೆಟೇಸ್, ಅದರ ಮುಖ್ಯ ಭಾಗವೇ ಪ್ರೆಸೆನಿಲಿನ್. ಕೊಲಂಬಿಯಾದ ಆಂಟಿಯೋಕಿಯಾದ ಕುಟುಂಬಗಳಲ್ಲಿ ಪ್ರೆಸೆನಿಲಿನ್-1 ಜೀನಿನಲ್ಲಿ ಇ280ಎ ಅನ್ನುವ ಬದಲಾವಣೆ ಇದೆ, ಹಾಗಾಗಿ 42ರ ಪಾಲು ಏರಿ, ಸುಮಾರು 44ರ ವಯಸ್ಸಿಗೇ ಮರೆವು ಶುರುವಾಗುತ್ತದೆ. ಗಮನಿಸಿ, ಇಲ್ಲಿ ಕೆಟ್ಟಿರುವುದು ಕತ್ತರಿಸುವ ಕಿಣ್ವ, ತುಂಡು ಅದೇ. 40 ಮತ್ತು 42ರ ಪ್ರಮಾಣ ಮಾತ್ರ ಬೇರೆ.

ಲ್ಯಾಬ್_ಮಂಜು: ರಾಘು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ವೀಡನ್‌ನ ಒಂದು ಕುಟುಂಬದಲ್ಲಿ ಸಿಕ್ಕ, ಎಪಿಪಿ ಜೀನಿನ ಆರ್ಕ್ಟಿಕ್ ಅನ್ನುವ ಮ್ಯುಟೇಶನ್‌ನಲ್ಲಿ ಬದಲಾವಣೆ ಆ ತುಂಡಿನೊಳಗೇ ಇದೆ, 22ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಗ್ಲೈಸಿನ್. ಅಂದರೆ ಪ್ಲೇಕಿನ ವಸ್ತುವೇ ಬೇರೆ! ನೋಡೋಕೆ ಉಂಗುರದ ಥರ ಇರುತ್ತದೆ, ಗಟ್ಟಿ ತಿರುಳಿಲ್ಲ. ಫಿನ್ಲೆಂಡಿನ ಒಂದು ಕುಟುಂಬದಲ್ಲಿ ಪ್ರೆಸೆನಿಲಿನ್-1ರ ಒಂಬತ್ತನೇ ಎಕ್ಸಾನ್ (ಜೀನಿನ ಒಂದು ತುಂಡು) ಅಳಿಸಿಹೋಗಿದೆ, ಅಲ್ಲಿ ಸಿಗುವುದು ಕಾಟನ್ ವೂಲ್ (ಹತ್ತಿಯುಂಡೆಯಂಥ) ಪ್ಲೇಕ್, ದೊಡ್ಡದು, ಅದರಲ್ಲೂ ತಿರುಳಿಲ್ಲ. ಕೆಲವರಿಗೆ ಮರೆವಿನ ಜೊತೆಗೆ ಕಾಲು ಬಿಗಿದುಕೊಳ್ಳುವ ತೊಂದರೆಯೂ ಬರುತ್ತದೆ. ಇನ್ನು ಹಲವು ಪ್ಲೇಕುಗಳಲ್ಲಿ ಅಪೋಇ (ಕೊಬ್ಬು ಸಾಗಿಸುವ ಪ್ರೋಟೀನ್), ಊದಿಕೊಂಡ ನರತಂತುಗಳು, ಸುತ್ತ ಮೈಕ್ರೋಗ್ಲಿಯಾ (ಮೆದುಳಿನ ರಕ್ಷಣಾ ಕೋಶಗಳು) ಎಲ್ಲ ಇರುತ್ತವೆ, ಬರೀ ಅಮಿಲಾಯ್ಡ್ ಅಲ್ಲ.

ಶ್ವೇತಾ_ಬಯೋ: ಮಂಜು ಅಣ್ಣ, ಹಾಗಾದರೆ ಮೆದುಳಿನ ಪೆಟ್ (PET) ಸ್ಕ್ಯಾನಿನಲ್ಲಿ ಈ ವ್ಯತ್ಯಾಸ ಕಾಣುತ್ತದಾ?

ಲ್ಯಾಬ್_ಮಂಜು: ಕಾಣುತ್ತದೆ, ಅದೂ ತಲೆಕೆಡಿಸುವ ಹಾಗೆ. ಆರ್ಕ್ಟಿಕ್ ಇರುವವರಲ್ಲಿ ಅಮಿಲಾಯ್ಡ್‌ಗೆ ಅಂಟಿ ಸ್ಕ್ಯಾನಿನಲ್ಲಿ ಕಾಣುವ ಪಿಐಬಿ ಟ್ರೇಸರ್ ಹಾಕಿದರೆ ಸ್ಕ್ಯಾನ್ ಬಹುಪಾಲು ಖಾಲಿ, ಆದರೆ ರೋಗ ಇದೆ. ಅದಕ್ಕೇ ಇಂಥ ಮನೆತನದವರಿಗೆ ಸುಮ್ನೆ ಸ್ಕ್ಯಾನ್ ಸರಿ ಇದೆ ಅಂತ ಸಮಾಧಾನ ಹೇಳುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮ್ಯುಟೇಶನ್ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ 50% ಇರುವಾಗ ಮೊದಲು ಬೇಕಾದದ್ದು ಜೆನೆಟಿಕ್ ಕೌನ್ಸೆಲಿಂಗ್, ಆಮೇಲೆ ಅವರು ಬಯಸಿದರೆ ಜೀನ್ ಪರೀಕ್ಷೆ.

ರಾಘು_ಎನ್: ಹೌದು. 2022ರಲ್ಲಿ ಕೇಂಬ್ರಿಡ್ಜ್ ತಂಡ ಕ್ರಯೋ-ಇಎಂನಲ್ಲಿ (ಹೆಪ್ಪುಗಟ್ಟಿಸಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದಾಗ 42ರ ಎಳೆಗಳು ಎರಡು ಥರ ಮಡಚಿಕೊಂಡಿದ್ದವು, ಒಂದು ಹೆಚ್ಚಾಗಿ ಮಾಮೂಲಿ ಅಲ್ಝೈಮರ್‌ನವರಲ್ಲಿ, ಇನ್ನೊಂದು ಹೆಚ್ಚಾಗಿ ಅನುವಂಶೀಯದಲ್ಲಿ. ಈಗ ಬಳಕೆಯಲ್ಲಿರುವ ಲೆಕಾನೆಮ್ಯಾಬ್ ಅನ್ನುವ, ಅಮಿಲಾಯ್ಡ್ ತೆಗೆಯುವ ಔಷಧಿಯ ದಾರಿ ಶುರುವಾದದ್ದೂ ಆ ಆರ್ಕ್ಟಿಕ್ ಕುಟುಂಬದ ಅಧ್ಯಯನದಿಂದಲೇ. ಆದರೆ ಪ್ಲೇಕ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. 2019ರಲ್ಲಿ ವರದಿಯಾದ ಕೊಲಂಬಿಯಾದ ಮಹಿಳೆಗೆ ಅದೇ ಇ280ಎ ಇತ್ತು, ಮೆದುಳು ತುಂಬ ಪ್ಲೇಕ್ ಇತ್ತು, ಆದರೂ ವಯಸ್ಸು 70 ದಾಟುವವರೆಗೆ ಮರೆವು ಕಾಡಲಿಲ್ಲ. ಅವರ ಅಪೋಇ ಜೀನಿನ ಎರಡೂ ಪ್ರತಿಗಳಲ್ಲಿ ಕ್ರೈಸ್ಟ್‌ಚರ್ಚ್ ಅನ್ನುವ ಅಪರೂಪದ ರೂಪ ಇತ್ತು, ನರಕೋಶಗಳ ಒಳಗೆ ಗಂಟು ಕಟ್ಟುವ ಟೌ ಪ್ರೋಟೀನ್ ಕಡಿಮೆ ಹರಡಿತ್ತು. ಮುಂದೆ ಟೌ ಬಗ್ಗೆ ಓದಿ ಶ್ವೇತಾ, ಅದು ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ.