ಟ್ವಿಗ್ಗಿ ಲುಕ್: ಆ ಕಣ್ಣು, ಆ ಕ್ರಾಪ್ ಮಾಡಿದ್ದು ಹೇಗೆ? ನಾಲ್ಕೇ ವರ್ಷಕ್ಕೆ ಮಾಡೆಲಿಂಗ್ ಬಿಟ್ಟಿದ್ದು ಯಾಕೆ?

ರೆಟ್ರೋರೌಂಡ್:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಫ್ಯಾಷನ್ ಶೋನಲ್ಲಿ ನಮ್ಮ ತಂಡಕ್ಕೆ 1960ರ ದಶಕದ ಲಂಡನ್ ಥೀಮ್ ಬಂದಿದೆ. ಆರು ಜನ ರ‍್ಯಾಂಪ್ ಮೇಲೆ ಬರ್ತಾರೆ, ಎಲ್ಲರದೂ ಆ ಕಾಲದ ಬ್ರಿಟಿಷ್ ಮಾಡೆಲ್ ಟ್ವಿಗ್ಗಿಯ ಲುಕ್. ಕೆಳಗಿನ ರೆಪ್ಪೆಗೂದಲು ಅಂಟಿಸಿದ್ದೋ, ಬರೆದದ್ದೋ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕೂದಲು ಕತ್ತರಿಸೋಕೆ ಯಾರೂ ಒಪ್ಪಿಲ್ಲ, ಎಲ್ಲರದೂ ಉದ್ದ ಕೂದಲು. ಜೊತೆಗೆ ವೇದಿಕೆ ಮೇಲೆ ಎರಡು ನಿಮಿಷ ಆಕೆಯ ಪರಿಚಯ ಓದಬೇಕು. ಆಕೆಯ ಮಾಡೆಲಿಂಗ್ 1966ರಲ್ಲಿ ಶುರುವಾಗಿ 1970ಕ್ಕೆ ನಿಂತಿತು ಅಂತ ಇದೆ, ಕಾರಣ ಏನು? ತಂಡದಲ್ಲಿ ಒಂದಿಬ್ಬರು "ಅಷ್ಟರೊಳಗೆ ತೂಕ ಇಳಿಸಬೇಕಾ" ಅಂತಲೂ ಕೇಳ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇ_ಮ್ಯಾಗಜೀನ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ, ಖಂಡಿತ ಬೇಡ. ಟ್ವಿಗ್ಗಿ ಹೆಸರು ಮಾಡಿದಾಗ ವಯಸ್ಸು 16, ತೂಕ ಸುಮಾರು 41 ಕೆಜಿ. ತನ್ನ ಮೈಕಟ್ಟೇ ಹಾಗೆ, ಊಟ ಬಿಟ್ಟು ಸಣ್ಣಗಾದದ್ದಲ್ಲ ಎಂದು ಆಕೆಯೇ ಹಲವು ಸಲ ಹೇಳಿದ್ದಾರೆ. ಆ ತೂಕವನ್ನು ಗುರಿ ಮಾಡಿಕೊಂಡು ಅಂದಿನ ಎಷ್ಟೋ ಹುಡುಗಿಯರು ಆರೋಗ್ಯ ಕೆಡಿಸಿಕೊಂಡರು ಎಂಬ ಟೀಕೆ ಇವತ್ತಿಗೂ ಇದೆ. ನಿಮ್ಮ ಪರಿಚಯದಲ್ಲಿ ತೂಕದ ಅಂಕಿಯನ್ನು ಓದಲೇಬೇಡಿ.

ಈಗ ಜೀವನ. ನಿಜವಾದ ಹೆಸರು ಲೆಸ್ಲಿ ಹಾರ್ನ್‌ಬಿ. ಹುಟ್ಟಿದ್ದು 1949ರ ಸೆಪ್ಟೆಂಬರ್ 19ರಂದು, ವಾಯವ್ಯ ಲಂಡನ್ನಿನ ನೀಸ್ಡನ್‌ನಲ್ಲಿ. ತಂದೆ ಬಡಗಿ. ಅಮ್ಮನಿಂದ ಹೊಲಿಗೆ ಕಲಿತು, ತನ್ನ ಬಟ್ಟೆ ತಾನೇ ಹೊಲಿದು ಹಾಕಿಕೊಳ್ಳುತ್ತಿದ್ದ ಹುಡುಗಿ. 1966ರ ಜನವರಿಯಲ್ಲಿ ಮೇಫೇರ್‌ನ ಕೇಶವಿನ್ಯಾಸಕ ಲೆನಾರ್ಡ್‌ಗೆ ತನ್ನ ಹೊಸ ಗಿಡ್ಡ ಕ್ರಾಪ್ ತೋರಿಸಲು ಒಬ್ಬ ಹುಡುಗಿ ಬೇಕಿತ್ತು. ಕತ್ತರಿಸಿ ಬಣ್ಣ ಹಾಕಿ ಮುಗಿಸಲು ಏಳೆಂಟು ಗಂಟೆ ಹಿಡಿಯಿತು. ಬ್ಯಾರಿ ಲ್ಯಾಟೆಗನ್ ತೆಗೆದ ಫೋಟೋವನ್ನು ಸಲೂನಿನಲ್ಲೇ ತೂಗುಹಾಕಿದ್ದರು. ಡೈಲಿ ಎಕ್ಸ್‌ಪ್ರೆಸ್‌ನ ಫ್ಯಾಷನ್ ಪತ್ರಕರ್ತೆ ಡೀರ್ಡ್ರಿ ಮೆಕ್‌ಶ್ಯಾರಿ ಅದನ್ನು ನೋಡಿ ಹುಡುಗಿಯನ್ನು ಕರೆಸಿದರು. ಫೆಬ್ರವರಿ 23ರ ಪತ್ರಿಕೆಯಲ್ಲಿ ಆಕೆ "66ರ ಮುಖ".

ಎತ್ತರ 5 ಅಡಿ 6 ಇಂಚು ಮಾತ್ರ. ಮಾಡೆಲ್ ಆಗಲು ಸಾಲದು ಎನ್ನುವ ಎತ್ತರ. ಆಕೆ ಗೆದ್ದದ್ದು ಕ್ಯಾಮೆರಾ ಮುಂದೆ, ಮುಖದ ಕ್ಲೋಸಪ್‌ನಲ್ಲಿ. ಕೂದಲನ್ನು ಗಿಡ್ಡ ಮಾಡಿ ಕಿವಿ ಹಿಂದಕ್ಕೆ ತಳ್ಳಿದ್ದರಿಂದ ಮುಖದಲ್ಲಿ ಕಣ್ಣು ಬಿಟ್ಟು ಬೇರೇನೂ ಎದ್ದು ಕಾಣುವುದಿಲ್ಲ. ನಿಮ್ಮ ತಂಡ ಹಿಡಿಯಬೇಕಾದದ್ದೂ ಅದನ್ನೇ.

1967ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ಗೆ ಹೋದರು. ಫ್ಯಾಷನ್ ಪತ್ರಿಕೆ ವೋಗ್‌ಗಾಗಿ ರಿಚರ್ಡ್ ಅವೆಡಾನ್ ಫೋಟೋ ತೆಗೆದರು. ಅದೇ ವರ್ಷ ಮ್ಯಾಟೆಲ್ ಕಂಪನಿ ಟ್ವಿಗ್ಗಿ ಗೊಂಬೆ ಮಾಡಿತು, ಯಾರ್ಡ್ಲಿ ಟ್ವಿಗ್ಗಿ ಹೆಸರಿನ ಕೃತಕ ರೆಪ್ಪೆ ಮಾರಿತು. ಆಕೆಯ ಹೆಸರಿನ ಉಡುಪುಗಳೂ ಅಂಗಡಿಗೆ ಬಂದವು. ವ್ಯವಹಾರವೆಲ್ಲ ಗೆಳೆಯ ಹಾಗೂ ಮ್ಯಾನೇಜರ್ ಜಸ್ಟಿನ್ ಡಿ ವಿಲ್‌ನೂವ್ ಕೈಯಲ್ಲಿತ್ತು.

1970ರಲ್ಲಿ ಬಿಟ್ಟದ್ದು ಕೆಲಸ ಸಿಗದೆ ಅಲ್ಲ. ಜೀವನವಿಡೀ ಬಟ್ಟೆ ನೇತುಹಾಕುವ ಹ್ಯಾಂಗರ್ ಆಗಿರಲು ಮನಸ್ಸಿರಲಿಲ್ಲ. ಮರುವರ್ಷವೇ ಕೆನ್ ರಸೆಲ್ ನಿರ್ದೇಶನದ "ದಿ ಬಾಯ್‌ಫ್ರೆಂಡ್" ಚಿತ್ರದ ನಾಯಕಿ. ಅದಕ್ಕೆ ಎರಡು ಗೋಲ್ಡನ್ ಗ್ಲೋಬ್ ಬಂದವು. 1983ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ನಟ ಟಾಮಿ ಟ್ಯೂನ್ ಜೊತೆ ಹಾಡಿ ಕುಣಿದು ಟೋನಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆದರು. 2005ರಲ್ಲಿ, 55 ದಾಟಿದ ಮೇಲೆ, ಮಾರ್ಕ್ಸ್ ಅಂಡ್ ಸ್ಪೆನ್ಸರ್ ಜಾಹೀರಾತಿನಲ್ಲಿ ಮತ್ತೆ ಮಾಡೆಲ್. 2019ರಲ್ಲಿ ಬ್ರಿಟನ್ನಿನ ಡೇಮ್ ಗೌರವ (ಗಂಡಸರ "ಸರ್" ಬಿರುದಿಗೆ ಸಮ). "ನಾಲ್ಕು ವರ್ಷ ಮಿಂಚಿ ಮರೆಯಾದಳು" ಎಂದು ಬರೆಯುವುದು ತಪ್ಪು, ದಯವಿಟ್ಟು ಅದನ್ನು ಓದಬೇಡಿ.

ಬಣ್ಣದಪೆಟ್ಟಿಗೆ:

ಕಣ್ಣಿನ ಬಗ್ಗೆ ನಾನು ಹೇಳ್ತೀನಿ. ಮೇಲಿನದು ಅಂಟಿಸಿದ್ದು, ಕೆಳಗಿನದು ಬರೆದದ್ದು. ಮೇಲೆ ಮೂರು ಜೊತೆ ಕೃತಕ ರೆಪ್ಪೆ ಒಂದರ ಮೇಲೊಂದು. ಕೆಳಗೆ ಬಟ್ಟೆಗೊಂಬೆಯ ಕಣ್ಣಿನ ಥರ ಬ್ರಷ್ಷಲ್ಲಿ ಒಂದೊಂದೇ ಗೆರೆ.

ಮೊದಲು ಕಣ್ಣುರೆಪ್ಪೆಗೆ ಪ್ರೈಮರ್, ಮೇಲೆ ತೆಳ್ಳಗೆ ಪೌಡರ್. ಆಮೇಲೆ ತಿಳಿ ಐಶ್ಯಾಡೋ. ಫೋಟೋದಲ್ಲಿ ಬಿಳಿ ಕಾಣುತ್ತೆ ಅಂತ ಅಪ್ಪಟ ಬಿಳಿ ಹಚ್ಚಬೇಡಿ, ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದ ಮೇಲೆ ಸ್ಟೇಜ್ ಲೈಟ್ ಬಿದ್ದರೆ ಬೂದಿ ಬಳಿದ ಹಾಗಾಗುತ್ತೆ. ನಿಮ್ಮ ಚರ್ಮಕ್ಕಿಂತ ಎರಡು ಶೇಡ್ ತಿಳಿ ಇರುವ, ಹೊಳಪಿಲ್ಲದ ಕೆನೆ ಬಣ್ಣ ಸಾಕು.

ರೆಪ್ಪೆಯ ಮಡಿಕೆ ಮೇಲೆ ಬರುವ ಕಮಾನು ಗೆರೆಯಲ್ಲೇ ಹೆಚ್ಚಿನವರು ಎಡವೋದು. ಕಣ್ಣು ಮುಚ್ಚಿಕೊಂಡು ಬರೆದರೆ, ತೆರೆದಾಗ ಗೆರೆ ಮಡಿಕೆಯೊಳಗೆ ಸೇರಿಹೋಗುತ್ತೆ. ಕನ್ನಡಿಯನ್ನು ನೇರ ನೋಡುತ್ತಾ, ಕಣ್ಣು ತೆರೆದೇ ಇಟ್ಟು, ಮಡಿಕೆಗಿಂತ ಸ್ವಲ್ಪ ಮೇಲೆ ಮೂರು ಚುಕ್ಕಿ ಇಡಿ: ಒಳಗೆ, ನಡುವೆ, ಹೊರಗೆ. ಅವನ್ನು ಕಡುಕಂದು ಬಣ್ಣದಲ್ಲಿ ಸೇರಿಸಿ. ಗೆರೆಯ ಮೇಲಂಚನ್ನು ಮಾತ್ರ ಹಗುರವಾಗಿ ಉಜ್ಜಿ, ಕೆಳಅಂಚು ಚೂಪಾಗೇ ಇರಲಿ.

ಮೇಲಿನ ರೆಪ್ಪೆಗೆ ಮೂರು ಜೊತೆ ಬೇಡ, ಬೆವರಿಗೆ ಹೊರತುದಿ ಎದ್ದುಬಿಡುತ್ತೆ. ಎರಡು ಜೊತೆ ಸಾಕು. ಹಿಂದಿನ ದಿನವೇ ಅಳತೆಗೆ ಕತ್ತರಿಸಿ, ಎರಡರ ಪಟ್ಟಿಯನ್ನೂ ಒಂದಕ್ಕೊಂದು ಅಂಟಿಸಿ ಒಣಗಿಸಿಡಿ. ಹಾಕುವಾಗ ಕೃತಕ ರೆಪ್ಪೆಗೆಂದೇ ಸಿಗುವ ಗೋಂದು ಸವರಿ ಅರ್ಧ ನಿಮಿಷ ಕಾಯಿರಿ. ಹಸಿ ಗೋಂದಿನಲ್ಲೇ ಇಟ್ಟರೆ ಜಾರುತ್ತೆ.

ಇನ್ನು ಕೆಳಗಿನ ಗೆರೆಗಳು. ಕೇಕ್ ಲೈನರ್ (ಒದ್ದೆ ಬ್ರಷ್ಷಲ್ಲಿ ತೆಗೆದು ಬರೆಯೋದು) ಅಥವಾ ಜೆಲ್ ಲೈನರ್, ಸೊನ್ನೆ ನಂಬರ್ ಬ್ರಷ್. ಸ್ಕೆಚ್ ಪೆನ್ ಥರದ ಲೈನರ್ ಪೌಡರ್ ಮೇಲೆ ಓಡಲ್ಲ, ಮಧ್ಯೆ ಮಧ್ಯೆ ಬಿಟ್ಟುಹೋಗುತ್ತೆ. ಕಿರುಬೆರಳನ್ನು ಕೆನ್ನೆಗೆ ಊರಿ ಕೈ ಗಟ್ಟಿ ಮಾಡಿಕೊಳ್ಳಿ, ಗದ್ದ ಸ್ವಲ್ಪ ತಗ್ಗಿಸಿ ಕಣ್ಣು ಮೇಲೆತ್ತಿ. ರೆಪ್ಪೆಗೂದಲಿನ ಬುಡದಲ್ಲಿ ಬ್ರಷ್ ಒತ್ತಿ, ಕೆಳಗೆ ಎಳೆಯುತ್ತಾ ಎತ್ತಿಬಿಡಿ. ಬುಡ ದಪ್ಪ, ತುದಿ ಚೂಪು ಬರಬೇಕು. ಒಂದು ಕಣ್ಣಿಗೆ ಏಳೆಂಟು ಗೆರೆ. ಪಾಪೆಯ ಕೆಳಗೆ 4 ಮಿಮೀ, ಹೊರಗೆ ಹೋಗ್ತಾ 5-6 ಮಿಮೀ, ಹೊರಗಿನವು ಹೊರಕ್ಕೇ ಓರೆಯಾಗಿರಲಿ. ಮೂಗಿನ ಕಡೆ ಖಾಲಿ ಬಿಡಿ. ಎಲ್ಲವನ್ನೂ ಒಂದೇ ಉದ್ದ, ನೆಟ್ಟಗೆ ಬರೆದರೆ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಹಿಂದಿನ ಸಾಲಿಗೂ ಕಾಣಬೇಕು ಅಂತ ಉದ್ದ ಮಾಡೋಕೆ ಹೋಗಬೇಡಿ, ಬುಡವನ್ನು ದಪ್ಪ ಮಾಡಿ.

ಕಾಡಿಗೆ ಮಾತ್ರ ಹಚ್ಚಲೇಬೇಡಿ. ಕಣ್ಣಂಚಿನ ಕಾಡಿಗೆ ಕರಗಿ ಇಳಿದರೆ ಬರೆದ ಗೆರೆಗಳೆಲ್ಲ ಕಲಸಿಹೋಗುತ್ತವೆ. ಅಲ್ಲಿ ಕೆನೆ ಬಣ್ಣದ ಪೆನ್ಸಿಲ್ ಎಳೆದರೆ ಕಣ್ಣು ಇನ್ನೂ ದೊಡ್ಡದಾಗಿ ಕಾಣುತ್ತೆ. ತುಟಿಗೆ ಪೇಲವ ಬಣ್ಣ. ಟ್ವಿಗ್ಗಿಗೆ ಇದಕ್ಕೆ ಒಂದೂವರೆ ಗಂಟೆ ಬೇಕಾಗ್ತಿತ್ತಂತೆ. ನೀವು ಆರು ಜನ, ಒಬ್ಬರಿಗೆ ಅರ್ಧ ಗಂಟೆ ಹಿಡಿದರೂ ಒಬ್ಬರೇ ಮಾಡುವುದಾದರೆ ಮೂರು ಗಂಟೆ ಮೊದಲೇ ಕೂರಬೇಕು.

ಕತ್ತರಿದಾರ:

ಕೂದಲು ಕತ್ತರಿಸುವ ಅಗತ್ಯವಿಲ್ಲ. ಬೆಳಿಗ್ಗೆ ಶಾಂಪೂ ಹಾಕಿ ತೊಳೆದಿರಬೇಕು, ಕೊಬ್ಬರಿಎಣ್ಣೆಯ ಪಸೆ ಇದ್ದರೆ ಜೆಲ್ ಹಿಡಿಯುವುದಿಲ್ಲ. ಒದ್ದೆ ಇರುವಾಗಲೇ ಪಕ್ಕ ಬೈತಲೆ ತೆಗೆದು, ಗಟ್ಟಿ ಜೆಲ್ ಹಚ್ಚಿ, ಹಣೆ ಮೇಲೆ ಓರೆಯಾಗಿ ಬಾಚಿ ಎರಡೂ ಕಡೆ ಕಿವಿ ಹಿಂದಕ್ಕೆ ಕೂರಿಸಿ. ಉಳಿದದ್ದನ್ನು ಕತ್ತಿನ ಬುಡದಲ್ಲಿ ಎರಡು ಜಡೆ ಹೆಣೆದು, ಒಂದರ ಮೇಲೊಂದು ಅಡ್ಡ ಹಾಯಿಸಿ ಚಪ್ಪಟೆಯಾಗಿ ಪಿನ್ ಮಾಡಿ, ಮೇಲೆ ನೆಟ್ ಹಾಕಿ. ತುರುಬು ಸುತ್ತಿದರೆ ಪಕ್ಕದಿಂದ ಗುಬ್ಬಟೆ ಕಾಣುತ್ತದೆ. ರ‍್ಯಾಂಪ್ ತುದಿಯಲ್ಲಿ ತಿರುಗುವಾಗ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ಸೊಂಟದವರೆಗೆ ಕೂದಲಿರುವವರಿಗೆ ವಿಗ್ಗೇ ವಾಸಿ.

ಬಟ್ಟೆಗೆ ಎ-ಲೈನ್ ಶಿಫ್ಟ್ (ಸೊಂಟ ಹಿಡಿಯದ ಸಡಿಲ ಗಿಡ್ಡ ಫ್ರಾಕ್) ಹೊಲಿಸಿ. ಸೊಂಟದಲ್ಲಿ ಜೋಡಣೆ ಇರಬಾರದು, ಎದೆಗೆ ಪಕ್ಕದ ಡಾರ್ಟ್ (ಬಟ್ಟೆ ಮಡಿಸಿ ಹೊಲಿಯುವ ಟಕ್) ಮಾತ್ರ. ಅಲ್ಲಿಂದ ನೇರ ಅಗಲವಾಗುತ್ತಾ ಬಂದು ಕೆಳಸುತ್ತಳತೆ ಹಿಪ್‌ಗಿಂತ 25 ಸೆಂಮೀ ಹೆಚ್ಚಿರಲಿ. ಅಂಚು ಮಂಡಿಯಿಂದ 10-12 ಸೆಂಮೀ ಮೇಲೆ. 44 ಇಂಚು ಪನ್ನದ (ಅಗಲದ) ಬಟ್ಟೆ, ತೋಳಿಲ್ಲದ್ದಕ್ಕೆ 2 ಮೀಟರ್ ಸಾಕು. ದಪ್ಪ ಕ್ರೇಪ್ ಅಥವಾ ಲೈನಿಂಗ್ ಕೊಟ್ಟ ಪಾಪ್ಲಿನ್ ತೊಗೊಳ್ಳಿ. ರೇಯಾನ್ ಮೈಗೆ ಅಂಟಿ ಆಕಾರವನ್ನೇ ಕೆಡಿಸುತ್ತದೆ. ಕತ್ತಿನ ಪಟ್ಟಿಗೆ ಫ್ಯೂಸಿಂಗ್ (ಇಸ್ತ್ರಿಯಿಂದ ಅಂಟಿಸುವ ಗಟ್ಟಿ ಒಳಬಟ್ಟೆ) ಹಾಕದಿದ್ದರೆ ಸುಕ್ಕು ಬರುತ್ತದೆ.

ಈ ಕಟ್ ಸೊಂಟವನ್ನು ಮುಟ್ಟುವುದೇ ಇಲ್ಲ, ಯಾವ ಅಳತೆಯವರಿಗೂ ಚೆನ್ನಾಗಿ ಕೂರುತ್ತದೆ. ತೂಕದ ಚಿಂತೆ ಇದ್ದವರಿಗೆ ಇದನ್ನು ಹೇಳಿ. ಬಣ್ಣದ ಸ್ಟಾಕಿಂಗ್ಸ್, ಹೀಲ್ಸ್ ಇಲ್ಲದ ದುಂಡುಮೂತಿಯ ಶೂ.

ರೆಟ್ರೋರೌಂಡ್:

ತುಂಬಾ ತುಂಬಾ ಧನ್ಯವಾದ! ಒಂದೇ ಒಂದು ಅನುಮಾನ: ಇಬ್ಬರು ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಾರೆ. ತೊಂದರೆ ಇಲ್ವಾ?

ಬಣ್ಣದಪೆಟ್ಟಿಗೆ:

ಲೆನ್ಸ್ ಮೊದಲು, ಮೇಕಪ್ ಆಮೇಲೆ. ತೆಗೆಯುವಾಗಲೂ ಕೈ ತೊಳೆದು ಲೆನ್ಸ್ ಮೊದಲು ತೆಗೀಬೇಕು, ಎಣ್ಣೆಯ ಕ್ಲೆನ್ಸರ್ ಅದಕ್ಕೆ ತಾಗಬಾರದು. ಅವರಿಬ್ಬರಿಗೆ ಕಣ್ಣಂಚಿನ ಪೆನ್ಸಿಲ್ ಬಿಟ್ಟುಬಿಡಿ. ಗೋಂದು ಮಾತ್ರ ಆರೂ ಜನರಿಗೆ ಲೇಟೆಕ್ಸ್ ಇಲ್ಲದ್ದೇ ತನ್ನಿ, ಒಂದು ದಿನ ಮೊದಲೇ ಮೊಣಕೈ ಒಳಗೆ ಹಚ್ಚಿ ನೋಡಿ. ಕೆಂಪಾದರೆ ಅವರಿಗೆ ಅಂಟಿಸೋ ರೆಪ್ಪೆ ಬೇಡ, ಮಸ್ಕಾರಾ ಎರಡು ಕೋಟ್ ಹಾಕಿ.