ಸ್ಕಾಟ್ಲೆಂಡ್ ಪ್ರವಾಸ: ನೆನಪಲ್ಲಿ ಉಳಿಯುವಂಥ ಊಟದ ಜಾಗ ಹೇಳಿ (ಅರ್ಧ ತಂಡ ಸಸ್ಯಾಹಾರಿ)

ಬನವಾಸಿ ರಸ್ತೆ (ಶಿರಸಿ):

ಜೂನ್ ಎರಡನೇ ವಾರ ಐದು ಜನ ಹೊರಟಿದ್ದೇವೆ. ಎಡಿನ್‌ಬರೋದಲ್ಲಿ ಮೂರು ರಾತ್ರಿ, ಗ್ಲಾಸ್ಗೋದಲ್ಲಿ ಒಂದು. ಆಮೇಲೆ ಬಾಡಿಗೆ ಕಾರಲ್ಲಿ ಗ್ಲೆಂಕೋ, ಸ್ಕೈ ದ್ವೀಪ, ವಾಪಸ್ ಬರುವಾಗ ಓಬನ್. ಅಪ್ಪ, ಅಮ್ಮ ಮೊಟ್ಟೆಯನ್ನೂ ಮುಟ್ಟದವರು. ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿಯೂ ಆಗದು. ಹೆಂಡತಿ ಕಾರವಾರದವಳು, ಮೀನು ಬೇಕೇ ಬೇಕು. ಮಗಳಿಗೆ ಹತ್ತು ವರ್ಷ. ದಿನಾ ದೊಡ್ಡ ಹೋಟೆಲಿಗೆ ಹೋಗುವ ಬಜೆಟ್ ಇಲ್ಲ, ಆದರೆ ನಾಲ್ಕೈದು ಊಟವಾದರೂ ಜಾಗದ ಕಾರಣಕ್ಕೇ ನೆನಪಿರಬೇಕು: ಹಳೇ ಕಟ್ಟಡ, ಸಮುದ್ರದ ಕಡೆ ಕಿಟಕಿ, ಅಂಥದ್ದು. ಗೂಗಲ್‌ನಲ್ಲಿ ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಹೇಗೆ ಆರಿಸೋದು?

ಕಾಳಿ ಸೇತುವೆ (ಕಾರವಾರ):

ಸ್ಟಾರ್ ಬಿಟ್ಟುಬಿಡಿ, ಮೊದಲು ಬೆಳಕಿನ ಲೆಕ್ಕ ಹಾಕಿ. ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ, ಸ್ಕೈಯಲ್ಲಿ ಇನ್ನೂ ತಡ. ಫೋಟೊದಲ್ಲಿ ಮೇಣದಬತ್ತಿ ನೋಡಿ ಏಳು ಗಂಟೆಗೆ ಟೇಬಲ್ ಹಿಡಿದರೆ ಅಲ್ಲಿ ಕಣ್ಣು ಕುಕ್ಕುವ ಬಿಸಿಲು. ಬೆಂಕಿಗೂಡು, ಮೇಣದಬತ್ತಿ ಎಲ್ಲ ಚಳಿಗಾಲದ ಮಾತು. ಡಿಸೆಂಬರ್‌ನಲ್ಲಿ ನಾಲ್ಕರೊಳಗೆ ಕತ್ತಲಾಗುತ್ತದೆ. ನೀವು ದುಡ್ಡು ಹಾಕಬೇಕಾದದ್ದು ಕಿಟಕಿಗೆ. ಬುಕ್ ಮಾಡುವಾಗಲೇ ಕಿಟಕಿ ಪಕ್ಕ ಬೇಕೆಂದು ಬರೆಯಿರಿ. ಕಿಟಕಿ ಟೇಬಲ್‌ಗಳು ಹೆಚ್ಚಾಗಿ ಇಬ್ಬರದೋ ನಾಲ್ವರದೋ ಆಗಿರುತ್ತವೆ, ಐದು ಜನಕ್ಕೆ ಸಿಗಬೇಕಾದರೆ ಸಂಜೆಯ ಮೊದಲ ಪಾಳಿ, ಅಂದರೆ ಐದೂವರೆ ಆರಕ್ಕೇ ಒಪ್ಪಿಕೊಳ್ಳಿ.

ಎಡಿನ್‌ಬರೋದಲ್ಲಿ ಎಲ್ಲರೂ ಹೇಳುವುದು ದಿ ವಿಚರಿ. ಕೋಟೆ ಬಾಗಿಲ ಬುಡದಲ್ಲೇ ಇರುವ 1595ರ ಕಟ್ಟಡ, ರೆಸ್ಟೊರೆಂಟ್ ಆದದ್ದು 1979ರಲ್ಲಿ. ಒಳಗೆ ಊಟದ ಕೋಣೆ ಎರಡು, ಯಾವುದು ಬೇಕೆಂದು ನೀವೇ ಹೇಳಬೇಕು. ಮುಂದಿನದು ಓಕ್ ಹಲಗೆ ಹೊದಿಸಿದ ಕತ್ತಲೆ ಕೋಣೆ, ಜೂನ್‌ನಲ್ಲೂ ಮೇಣದಬತ್ತಿಗೆ ಅರ್ಥ ಇರುವ ಜಾಗ. ಸೀಕ್ರೆಟ್ ಗಾರ್ಡನ್ ಅನ್ನುವುದು ಕಲ್ಲಿನ ಮೆಟ್ಟಿಲು ಇಳಿದು ಹೋಗುವ ಕೋಣೆ. ಎತ್ತರದ ಕಿಟಕಿ, ಚಿತ್ರ ಬರೆದ ಮಾಡು. ಅಪ್ಪನ ಮೊಣಕಾಲು ನೋಡಿಕೊಂಡು ತೀರ್ಮಾನಿಸಿ. ಇಂಥ ದುಬಾರಿ ಕಡೆ ಮಧ್ಯಾಹ್ನದ ನಿಗದಿ ಮೆನು ಇದೆಯಾ ಅಂತ ವಿಚಾರಿಸಿ. ಅದೇ ಕೋಣೆ, ಅದೇ ಅಡುಗೆಮನೆ, ಬಿಲ್ ಮಾತ್ರ ಸಣ್ಣದು.

ಕಾರು ಹತ್ತಿದ ಮೇಲೆ ಕತೆಯೇ ಬೇರೆ. ಹೊರಗೆ ಎಷ್ಟೇ ಹಗಲಿರಲಿ, ಉತ್ತರದ ಗುಡ್ಡನಾಡಾದ ಹೈಲ್ಯಾಂಡ್ಸ್‌ನ ಅಡುಗೆಮನೆಗಳು ಎಂಟೂವರೆ, ಒಂಬತ್ತಕ್ಕೆ ಒಲೆ ಆರಿಸುತ್ತವೆ. ಎರಡೂವರೆಯಿಂದ ಐದೂವರೆ ತನಕವೂ ಹಲವು ಕಡೆ ಬಿಸಿ ಊಟವಿಲ್ಲ. ಸಣ್ಣ ಜಾಗಗಳು ವಾರಕ್ಕೆ ಒಂದೆರಡು ದಿನ ಪೂರ್ತಿ ಬಂದ್, ಹೆಚ್ಚಾಗಿ ಭಾನುವಾರ ಸೋಮವಾರದ ಆಸುಪಾಸು. ನಮ್ಮವರು ಜಲಪಾತ ಒಂದು, ಕೋಟೆ ಎರಡು ಅಂತ ದಿನ ತುಂಬಿಸಿ, ಊಟ ಎಲ್ಲಾದರೂ ಆದೀತು ಅನ್ನುತ್ತಾರೆ. ಅಲ್ಲಿ ಎಲ್ಲೂ ಆಗುವುದಿಲ್ಲ ಮಾರಾಯ್ರೆ, ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ಗತಿ. ಊಟದ ಗಂಟೆ ಮೊದಲು ಗೊತ್ತು ಮಾಡಿ, ಆ ದಿನದ ದಾರಿಯನ್ನು ಅದರ ಸುತ್ತ ಹೊಂದಿಸಿ.

ಗ್ಲಾಸ್ಗೋದಿಂದ ಗ್ಲೆಂಕೋಗೆ ಹೋಗುವ ಎ82 ರಸ್ತೆಯಲ್ಲಿ, ಲಾಕ್ ಲೋಮಂಡ್ ಸರೋವರದ ಉತ್ತರ ತುದಿ ದಾಟಿದ ಕೂಡಲೇ ಡ್ರೋವರ್ಸ್ ಇನ್ ಅನ್ನುವ ಹಳೇ ತಂಗುಮನೆ ಸಿಗುತ್ತದೆ, 1705ರದು. ಬಾಗಿಲಲ್ಲೇ ಹೊಟ್ಟು ತುಂಬಿಸಿದ ಕರಡಿ ನಿಂತಿದೆ, ಹೊಗೆ ಹಿಡಿದ ಗೋಡೆ. ಊಟ ಸಾಧಾರಣ, ಆದರೆ ಮಗಳು ಮರೆಯುವುದಿಲ್ಲ. ಗ್ಲೆಂಕೋದಲ್ಲಿ ಕ್ಲಾಖೇಗ್ ಇನ್: ಕೆಸರು ಬೂಟಿನ ಚಾರಣಿಗರು ಕೂರುವ ಬೂಟ್ಸ್ ಬಾರ್ ಅಲ್ಲಿಯ ಜೀವ. ಸ್ವಾಗತ ಕಟ್ಟೆಯ ಹತ್ತಿರ ‘ತಿರುಗಾಟದ ವ್ಯಾಪಾರಿಗಳಿಗೂ ಕ್ಯಾಂಪ್‌ಬೆಲ್ ಮನೆತನದವರಿಗೂ ಪ್ರವೇಶವಿಲ್ಲ’ ಅನ್ನುವ ಫಲಕ ಇದೆ. ಕ್ಯಾಂಪ್‌ಬೆಲ್ ಮನೆತನದವನೊಬ್ಬನ ದಂಡು ಅಲ್ಲಿಯ ಮ್ಯಾಕ್‌ಡೊನಾಲ್ಡ್ ಮನೆತನದವರನ್ನು ಕೊಂದ 1692ರ ಗ್ಲೆಂಕೋ ಹತ್ಯಾಕಾಂಡದ ಸಿಟ್ಟು ಈಗ ತಮಾಷೆಯಾಗಿ ಉಳಿದಿರುವುದು ಹೀಗೆ.

ಸ್ಕೈಯಲ್ಲಿ ದೊಡ್ಡ ಖರ್ಚು ಒಂದೇ ಸಲ ಮಾಡುವುದಾದರೆ ಕೋಲ್‌ಬೋಸ್ಟ್‌ನ ತ್ರೀ ಚಿಮ್ನೀಸ್. ಸಣ್ಣ ರೈತರ ಕಲ್ಲುಮನೆ, 1985ರಿಂದ ರೆಸ್ಟೊರೆಂಟ್, ಎದುರಿಗೇ ಡನ್‌ವೇಗನ್ ಕೊಲ್ಲಿ. ಜೂನ್ ಟೇಬಲ್‌ಗೆ ತಿಂಗಳುಗಳ ಮುಂಚೆ ಪ್ರಯತ್ನಿಸಿ. ಸ್ಕೈಯ ದೊಡ್ಡ ಊರು ಪೋರ್ಟ್ರೀಯಿಂದ ಮುಕ್ಕಾಲು ಗಂಟೆಗಿಂತ ಕಡಿಮೆ ಹಿಡಿಯಬೇಡಿ, ಕೊನೆಯ ಭಾಗ ಒಂದೇ ಗಾಡಿಯ ರಸ್ತೆ.

ಅಪ್ಪೆಹುಳಿ (ಸಿದ್ದಾಪುರ):

ಅಪ್ಪ, ಅಮ್ಮನ ಊಟದ ಬಗ್ಗೆ. ಭಾವಯ್ಯ, ಅಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರಿಯೇ. ಮೆನುವಿನಲ್ಲಿ ‘ವಿ’ ಗುರುತು ನೋಡಿ ಸಮಾಧಾನ ಪಡಬೇಡಿ. ಅಪ್ಪನಿಗೆ ‘ವೀಗನ್’ ಗುರುತಿನದೇ ತೆಗೆದುಕೊಂಡು ಬೆಣ್ಣೆ ಬೇರೆ ಕೇಳುವುದು ಸುಲಭದ ದಾರಿ.

ಗುರುತೇ ಇಲ್ಲದ ಕಡೆ ಮೋಸ ಹೋಗುವುದು ಇಲ್ಲಿ: ಬೇಳೆ ಸೂಪು. ನಮ್ಮ ತೊವ್ವೆಯ ಹಾಗೇ ಕಾಣುತ್ತದೆ, ಆದರೆ ಸ್ಕಾಟ್ಲೆಂಡಿನ ಮನೆರೂಢಿ ಅದನ್ನು ಹಂದಿ ಮೂಳೆಯ ನೀರಲ್ಲಿ ಬೇಯಿಸುವುದು. ಮೀನಿನಂಗಡಿಯ ಚಿಪ್ಸನ್ನು ಹಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿದರೂ ಅದೇ ಬಾಣಲೆಯಲ್ಲಿ ಮೀನೂ ಬಿದ್ದಿರುತ್ತದೆ. ಕ್ಲೂಟಿ ಡಂಪ್ಲಿಂಗ್ ಸಿಹಿಯೇ ಆದರೂ ಒಳಗೆ ಪ್ರಾಣಿಕೊಬ್ಬು. ವೂಸ್ಟರ್ ಸಾಸಿನಲ್ಲಿ ಮೀನು, ಪನ್ನಾ ಕೋಟಾ ಅನ್ನುವ ಕೆನೆಯ ಸಿಹಿಯಲ್ಲಿ ಪ್ರಾಣಿಮೂಲದ ಜೆಲಟಿನ್.

ಹ್ಯಾಗಿಸ್ ಅಂದರೆ ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟ್ಲೆಂಡಿನ ತಿನಿಸು. ಅದರ ಸಸ್ಯಾಹಾರಿ ರೂಪ 1984ರಿಂದ ಬಂದಿದೆ, ಈಗ ಪಬ್ಬುಗಳಲ್ಲೂ ಸಿಗುತ್ತದೆ. ಓಟ್ಸ್, ಬೇಳೆ, ಕಾಳು, ತರಕಾರಿ, ಮೇಲೆ ಮೆಣಸಿನ ಖಾರ. ಅಪ್ಪನಿಗೆ ಹಿಡಿಸೀತು. ಅಮ್ಮನಿಗೆ ಆಗದು, ಈರುಳ್ಳಿ ಹಾಕಿರುತ್ತಾರೆ. ಜೊತೆಗೆ ಕೊಡುವ ನೀಪ್ಸ್ ಮತ್ತು ಟ್ಯಾಟೀಸ್, ಅಂದರೆ ಬೆಣ್ಣೆ ಹಾಕಿ ಹಿಸುಕಿದ ಟರ್ನಿಪ್ ಥರದ ಗಡ್ಡೆ ಮತ್ತು ಆಲೂಗಡ್ಡೆ, ಅಮ್ಮನಿಗೆ ಬಿಸಿಬಿಸಿ ಆದೀತು, ಮೇಲೆ ಸಾಸ್ ಸುರಿಯದಂತೆ ಹೇಳಿದರೆ.

ಬ್ರಿಟನ್ನಿನಲ್ಲಿ ಅಲರ್ಜಿ ಮಾಹಿತಿ ಕೊಡುವುದು ಕಾನೂನು, ಆದರೆ ಆ ಪಟ್ಟಿಯಲ್ಲಿ ಇರುವುದು 14 ಪದಾರ್ಥ. ಅದರಲ್ಲಿ ಮೊಟ್ಟೆ, ಮೀನು ಉಂಟು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹಾಗಾಗಿ ಬಡಿಸುವ ಹುಡುಗ ಪಟ್ಟಿ ನೋಡಿ ‘ಇಲ್ಲ’ ಅಂದರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ. ಸಾಸು, ಸೂಪಿನ ನೀರು ಬೆಳಿಗ್ಗೆಯೇ ಆಗಿರುತ್ತದೆ, ಮೇಜಿಗೆ ಕೂತ ಮೇಲೆ ಕೇಳಿದರೆ ಅಡುಗೆಯವನೂ ಏನೂ ಮಾಡಲಾರ. ಬುಕಿಂಗ್‌ನ ಟಿಪ್ಪಣಿ ಜಾಗದಲ್ಲೇ ಬರೆಯಿರಿ: ‘ನೋ ಮೀಟ್, ನೋ ಫಿಶ್, ನೋ ಎಗ್, ನೋ ಮೀಟ್ ಸ್ಟಾಕ್, ನೋ ಜೆಲಟಿನ್, ಒನ್ ಪರ್ಸನ್ ನೋ ಆನಿಯನ್, ನೋ ಗಾರ್ಲಿಕ್’. ಎರಡು ದಿನ ಮುಂಚೆ ಫೋನ್ ಮಾಡಿ ಅದನ್ನೇ ಇನ್ನೊಮ್ಮೆ ಹೇಳಿ.

ಅಮ್ಮನಿಗೆ ನಿಜವಾಗಿ ಖುಷಿ ಕೊಡಬಹುದಾದ ಜಾಗ ಗ್ಲಾಸ್ಗೋದ ಸಾಕಿಹಾಲ್ ರಸ್ತೆಯಲ್ಲಿದೆ, ಮ್ಯಾಕಿಂಟಾಶ್ ಅಟ್ ದಿ ವಿಲೋ. ಚಹಾದಂಗಡಿ ನಡೆಸುತ್ತಿದ್ದ ಕೇಟ್ ಕ್ರ್ಯಾನ್ಸ್‌ಟನ್ ಅವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಗೋಡೆಯಿಂದ ಕುರ್ಚಿ ತನಕ ತಾವೇ ರೂಪಿಸಿದ್ದು, 1903ರಲ್ಲಿ. ಮೇಲಿನ ಸಲಾನ್ ಡಿ ಲಕ್ಸ್ ಕೋಣೆ ಕೇಳಿ: ಬೆಳ್ಳಿ ಬಣ್ಣದ ಎತ್ತರ ಬೆನ್ನಿನ ಕುರ್ಚಿ, ಬಣ್ಣದ ಗಾಜಿನ ಜೋಡಿ ಬಾಗಿಲು. ಮಧ್ಯಾಹ್ನದ ಚಹಾ ತಟ್ಟೆಯಲ್ಲಿ ಬರುವ ಸೌತೆಕಾಯಿ ಸ್ಯಾಂಡ್‌ವಿಚ್, ಜಾಮ್, ಬೆಣ್ಣೆಗೆ ಈರುಳ್ಳಿಯ ಗೊಡವೆ ಇಲ್ಲ. ಸ್ಕೋನ್ ಅನ್ನುವ ಸಣ್ಣ ಬನ್ನಿನ ಮೇಲೆ ಹೊಳಪಿಗೆ ಮೊಟ್ಟೆ ಸವರುವ ರೂಢಿ ಇದೆ, ಕೇಳಿಯೇ ತಿನ್ನಿ. ಶಾರ್ಟ್‌ಬ್ರೆಡ್ ಬಿಸ್ಕತ್ತು ಮೂಲದಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆ ಅಷ್ಟೇ.

ದೇವಬಾಗ (ಕಾರವಾರ):

ಮೀನಿನ ಪಕ್ಷದಿಂದ ಒಂದು ತಕರಾರು. ಎಡಿನ್‌ಬರೋದಲ್ಲಿ ಒಂದೇ ಸಂಜೆ ಕೊಡುವುದಾದರೆ ವಿಚರಿಗಿಂತ ಕೆಫೆ ರಾಯಲ್ ವಾಸಿ. ವೇವರ್ಲಿ ರೈಲು ನಿಲ್ದಾಣದ ಹತ್ತಿರದ ಗಲ್ಲಿ. ಗೋಡೆಗೆ ಡೌಲ್ಟನ್ ಕಂಪನಿಯ ಹೆಂಚಿನ ಚಿತ್ರಗಳು, ಜೇಮ್ಸ್ ವಾಟ್, ಫ್ಯಾರಡೆ ಮುಂತಾದ ಆವಿಷ್ಕಾರಕರದು. ಆಯ್‌ಸ್ಟರ್ ಬಾರ್ ಕಡೆ ಬಣ್ಣದ ಗಾಜಿನಲ್ಲಿ ಆಟಗಾರರು. ಆದರೆ ಅಪ್ಪ, ಅಮ್ಮನನ್ನು ಬೇರೆಡೆ ಊಟ ಮಾಡಿಸಿ ಹೋಗಿ, ಅದು ಅವರ ಜಾಗವಲ್ಲ.

ಓಬನ್‌ನಲ್ಲಿ ಕೂತು ತಿನ್ನುವ ಹೋಟೆಲ್ ಹುಡುಕುವುದೇ ಬೇಡ. ಫೇರಿ ಕಟ್ಟೆಯ ಪಕ್ಕ ಹಸಿರು ಬಣ್ಣದ ಮೀನಿನ ಗುಡಿಸಲಿದೆ. ಹಗಲಿನ ಅಂಗಡಿ; ಸಂಜೆಗೆ ನೆಚ್ಚಿಕೊಳ್ಳಬೇಡಿ. ಚಿಪ್ಪುಮೀನು, ಏಡಿ, ಸಣ್ಣ ಲಾಬ್‌ಸ್ಟರಿನಂಥ ಲ್ಯಾಂಗೂಸ್ಟೀನ್ ನಿಂತೇ ತಿನ್ನುವುದು. ತಟ್ಟೆ ಕೈಯಲ್ಲೇ ಇರಲಿ, ಕಡಲಹಕ್ಕಿ ಎರಗಿ ಎತ್ತಿಕೊಂಡು ಹೋಗುತ್ತದೆ. ಪಶ್ಚಿಮ ತೀರದಲ್ಲಿ ‘ಪ್ರಾನ್’ ಅಂದರೆ ಹಲವು ಸಲ ಲ್ಯಾಂಗೂಸ್ಟೀನೇ, ನಮ್ಮ ಶೆಟ್ಲಿ (ಸಿಗಡಿ) ಅಲ್ಲ. ಚಿಪ್ಪು ಒಡೆಯಬೇಕು, ಮಾಂಸ ಹೆಚ್ಚಾಗಿ ಬಾಲದಲ್ಲೇ. ಅದೇ ಬಾಲವನ್ನು ಹಿಟ್ಟಲ್ಲಿ ಅದ್ದಿ ಕರಿದರೆ ಸ್ಕ್ಯಾಂಪಿ. ಜೂನ್‌ನಲ್ಲಿ ಸಿಗುವ ಆಯ್‌ಸ್ಟರ್ ಪೆಸಿಫಿಕ್ ಜಾತಿಯ ಸಾಕಿದ್ದು. ಸ್ಥಳೀಯ ಜಾತಿಗೆ ಮೇ ತಿಂಗಳಿಂದ ಆಗಸ್ಟ್ ತನಕ ಬಿಡುವು. ಕಲನ್ ಸ್ಕಿಂಕ್ ಸೂಪು ತಪ್ಪಿಸಬೇಡಿ: ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಖಾರ ಹುಡುಕಬೇಡಿ, ಇರುವುದಿಲ್ಲ.

ಬನವಾಸಿ ರಸ್ತೆ (ಶಿರಸಿ):

ಇಷ್ಟು ಸಿಕ್ಕಿದ್ದೇ ದೊಡ್ಡದು. ಇನ್ನೆರಡು ಪ್ರಶ್ನೆ. ಗ್ಲೆಂಕೋದಿಂದ ಸ್ಕೈಗೆ ಹೋಗುವ ದಿನವೇ, ಸ್ಕೈ ಎದುರಿನ ದಡದಲ್ಲಿರುವ ಆಪಲ್‌ಕ್ರಾಸ್ ಇನ್ ಪಬ್ಬಿಗೆ ಹೋಗಿಬರಬಹುದಾ? ಪಬ್ಬಿನೊಳಗೆ ಮಗಳನ್ನು ಬಿಡುತ್ತಾರಾ?

ಕಾಳಿ ಸೇತುವೆ (ಕಾರವಾರ):

ಅದೇ ದಿನ ಬೇಡ. ಆಪಲ್‌ಕ್ರಾಸ್‌ಗೆ ಏರುವ ಬೇಲಖ್ ನ ಬಾ 626 ಮೀಟರ್ ಎತ್ತರದ ಘಾಟಿ. ದೇವಿಮನೆ ಘಾಟಿಯ ತಿರುವುಗಳನ್ನು ಒಂದೇ ಗಾಡಿಯ ಅಗಲಕ್ಕೆ ಇಳಿಸಿದ ಹಾಗೆ. ಎದುರು ಗಾಡಿ ಬಂದರೆ ದಾರಿ ಬಿಡುವ ಜಾಗದ ತನಕ ಹಿಂದೆ ಹೋಗಬೇಕು. ಸ್ಕೈ ಸೇತುವೆಯ ಕಡೆಯಿಂದ ಹೋಗಲಿಕ್ಕೇ ಒಂದೂವರೆ ಗಂಟೆ ಹಿಡಿಯಿರಿ. ಬೇರೆ ದಿನ ಇಡಿ, ಹನ್ನೆರಡಕ್ಕೆ ಮೊದಲು ತಲುಪಿ. ಮೋಡ ಕೂತಿದ್ದರೆ ಶೀಲ್ಡೇಗ್ ಮೇಲಿನ ಕರಾವಳಿ ರಸ್ತೆ ಹಿಡಿಯಿರಿ, ದೂರ ಹೆಚ್ಚು, ಜೀವಕ್ಕೆ ಹಿತ. ಹೊರಗಿನ ಬೆಂಚು ಚಂದ, ಆದರೆ ಗಾಳಿ ಬಿದ್ದ ಸಂಜೆ ಮಿಜ್ ಅನ್ನುವ ಸಣ್ಣ ನುಸಿ ಮುತ್ತುತ್ತದೆ. ಗಾಳಿ ಬೀಸುತ್ತಿದ್ದರೆ ಹೊರಗೆ, ನಿಂತರೆ ಒಳಗೆ.

ಮಕ್ಕಳ ವಿಷಯ ಆಯಾ ಪಬ್ಬಿನ ಪರವಾನಗಿ ಮೇಲೆ. ಊಟ ಮಾಡುವ ಮಕ್ಕಳನ್ನು ದೊಡ್ಡವರ ಜೊತೆ ಬಿಡುತ್ತಾರೆ, ಕೆಲವು ಕಡೆ ರಾತ್ರಿ ಎಂಟರ ತನಕ, ಕೆಲವು ಕಡೆ ಹತ್ತರ ತನಕ, ಫೋನಲ್ಲೇ ಕೇಳಿಬಿಡಿ. ಹೆಚ್ಚಿನ ಪಬ್ಬಿನಲ್ಲಿ ಟೇಬಲ್ ನಂಬರ್ ನೋಡಿಕೊಂಡು ಕೌಂಟರಿಗೆ ಹೋಗಿ ಆರ್ಡರ್ ಕೊಡಬೇಕು, ಸುಮ್ಮನೆ ಕೂತರೆ ಯಾರೂ ಬರುವುದಿಲ್ಲ. ಕುಡಿಯುವ ನಲ್ಲಿ ನೀರು ಕೇಳಿದರೆ ಪುಕ್ಕಟೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ ನೋಡಿ, ಸೇರಿದ್ದರೆ ಮತ್ತೆ ಟಿಪ್ಸ್ ಬೇಡ. ಕಾರು ಓಡಿಸುವವರು ಕುಡಿಯಲೇಬೇಡಿ. 2014ರ ಡಿಸೆಂಬರ್‌ನಿಂದ ಅಲ್ಲಿಯ ಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನ 80ಕ್ಕಿಂತ ಬಿಗಿ.

ಬುಕಿಂಗ್‌ಗೆ ಕಾರ್ಡ್ ನಂಬರ್ ಕೇಳುವ ಕಡೆ ರದ್ದು ಮಾಡುವ ಗಡುವು ಓದಿಕೊಳ್ಳಿ. ಸಾಮಾನ್ಯವಾಗಿ 24 ಇಲ್ಲವೇ 48 ಗಂಟೆ, ಮೀರಿದರೆ ತಲೆಗೆ ಇಷ್ಟು ಅಂತ ಕಡಿತ. ತಡವಾಗುವ ಸೂಚನೆ ಕಂಡರೆ ಸಿಗ್ನಲ್ ಇರುವ ಊರಿನಿಂದಲೇ ಫೋನ್ ಮಾಡಿ. ಕಣಿವೆಗೆ ಇಳಿದ ಮೇಲೆ ಮೊಬೈಲ್ ಸತ್ತಿರುತ್ತದೆ, ಅಷ್ಟರಲ್ಲಿ ಟೇಬಲ್ ಬೇರೆಯವರಿಗೆ ಹೋಗಿರುತ್ತದೆ.