ಹಳೆಯ ಉದ್ಯಾನದಲ್ಲಿ ಸ್ವಯಂಸೇವಕರು ಯಾವ ಕೆಲಸಕ್ಕೆ ಕೈಹಾಕಬಹುದು?

ಪ್ರಶ್ನೆ:
ನೂರು ವರ್ಷಕ್ಕೂ ಹಳೆಯದಾದ ಒಂದು ಉದ್ಯಾನದಲ್ಲಿ ನಾವು ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಕಸ ಹೆಕ್ಕಿ, ಕಳೆ ಕೀಳುತ್ತಿದ್ದೇವೆ. ಈಗ ತಂಡದ ಕೆಲವರು ಕಲ್ಲಿನ ಆವರಣ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಬೇಕು, ಖಾಲಿ ಬಿದ್ದಿರುವ ಹುಲ್ಲುಹಾಸಿನ ತುಂಬ ಸಸಿ ನೆಡಬೇಕು ಎನ್ನುತ್ತಿದ್ದಾರೆ. ಒಳ್ಳೆಯದು ಮಾಡಲು ಹೋಗಿ ಕೆಡಿಸಿಬಿಡುತ್ತೇವೆಯೋ ಎಂಬ ಅಳುಕು ನನಗಿದೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1:
ತಮ್ಮ ಅಳುಕಿಗೆ ಕಾರಣವಿದೆ. ಹಳೆಯ ಗೋಡೆಗಳನ್ನು ಸಾಮಾನ್ಯವಾಗಿ ಸುಣ್ಣದ ಗಾರೆಯಿಂದ ಕಟ್ಟಿರುತ್ತಾರೆ. ಕಲ್ಲಿಗಿಂತ ಮೆದುವಾದ ಆ ಗಾರೆಯ ಮೂಲಕ ಗೋಡೆಯೊಳಗಿನ ತೇವ ಆರಿಹೋಗುತ್ತದೆ. ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ತೇವಕ್ಕೆ ದಾರಿ ಕಟ್ಟಿ, ಅದು ಕಲ್ಲಿನ ಮೂಲಕವೇ ಹೊರಬರಲು ನೋಡುತ್ತದೆ. ನೀರಿನ ಜೊತೆ ಬಂದ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ, ಕಲ್ಲು ಚಕ್ಕೆ ಚಕ್ಕೆಯಾಗಿ ಉದುರತೊಡಗುತ್ತದೆ. ಕೆಲವು ವರ್ಷಗಳ ಬಳಿಕ ಸಿಮೆಂಟಿನ ಗೆರೆಗಳು ಮುಂದಕ್ಕೆ ಚಾಚಿಕೊಂಡು, ನಡುವಿನ ಕಲ್ಲುಗಳು ಸವೆದು ಒಳಸರಿದಿರುವ ಗೋಡೆಯನ್ನು ಒಮ್ಮೆ ಕಂಡವರು ಮತ್ತೆ ಆ ಮಾತೆತ್ತಲಾರರು. ಇದು ಸುಣ್ಣದ ಕೆಲಸ ಬಲ್ಲ ಗಾರೆಯವರಿಗೆ ಬಿಡಬೇಕಾದದ್ದು.

ಹುಲ್ಲುಹಾಸು ಖಾಲಿ ಬಿದ್ದಿದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 1847ರಲ್ಲಿ ತೆರೆದ ಇಂಗ್ಲೆಂಡಿನ ಬರ್ಕನ್‌ಹೆಡ್ ಉದ್ಯಾನವನ್ನು 1850ರಲ್ಲಿ ನೋಡಿಬಂದ ಅಮೆರಿಕದ ಉದ್ಯಾನ ವಿನ್ಯಾಸಕ ಓಲ್ಮ್‌ಸ್ಟೆಡ್, ಮುಂದೆ ವಾಸ್ತುಶಿಲ್ಪಿ ವಾಕ್ಸ್ ಜೊತೆಗೂಡಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ಗೆ ನಕ್ಷೆ ಬರೆದಾಗ, ಮರಗಳಷ್ಟೇ ಎಚ್ಚರದಿಂದ ಬಯಲನ್ನೂ ರೂಪಿಸಿದರು. ತಮ್ಮ ಹುಲ್ಲುಹಾಸೂ ಹೀಗೆ ಬೇಕೆಂದೇ ಬಿಟ್ಟ ಬಯಲಾಗಿರಬಹುದು. ತಮ್ಮ ಉದ್ಯಾನದ ಹಳೆಯ ನಕ್ಷೆಯೋ ಛಾಯಾಚಿತ್ರವೋ ಸಿಗುವವರೆಗೆ ಒಂದು ಸಸಿಯನ್ನೂ ನೆಡದಿರುವುದು ಲೇಸು.

ಉತ್ತರ 2:
ಮರಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತರಗೆಲೆಯನ್ನು ಕಾಂಡದ ಸುತ್ತ ಗೋಪುರದಂತೆ ಒಟ್ಟುವ ಅಭ್ಯಾಸ ಹಲವು ತಂಡಗಳಲ್ಲಿದೆ. ಇದರಿಂದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಬುಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು, ಐದರಿಂದ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ಇದೂ ಬೇಡ, ಅದೂ ಬೇಡ ಎಂದರೆ ಉತ್ಸಾಹದಿಂದ ಬಂದವರು ಉಳಿಯುವುದು ಹೇಗೆ?

ಉತ್ತರ 3:
ಐತಿಹಾಸಿಕ ಉದ್ಯಾನಗಳ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1981ರ ಫ್ಲಾರೆನ್ಸ್ ಸನ್ನದು ನಿರಂತರ ನಿರ್ವಹಣೆಗೆ ಅಗ್ರಸ್ಥಾನ ಕೊಟ್ಟಿದೆ, ಏಕೆಂದರೆ ಅಲ್ಲಿನ ಮುಖ್ಯ ಸಾಮಗ್ರಿಯೇ ಬೆಳೆದು ಸಾಯುವ ಗಿಡಮರಗಳು. ಎಂದರೆ ಕೆಲಸಕ್ಕೆ ಬರವಿಲ್ಲ, ಅದನ್ನು ಹಂಚಿಕೊಡುವುದರಲ್ಲಿ ನಾವು ಸೋಲುತ್ತೇವೆ. 1970ರ ದಶಕದಲ್ಲಿ ಹಾಳುಬಿದ್ದಿದ್ದ ಸೆಂಟ್ರಲ್ ಪಾರ್ಕ್‌ನ ಹೊಣೆಯಲ್ಲಿ ಪಾಲು ಪಡೆಯಲು 1980ರಲ್ಲಿ ನಾಗರಿಕರ ಸಂಸ್ಥೆಯೊಂದು ಹುಟ್ಟಿತು. ಅದು ಮುಂದೆ ಉದ್ಯಾನವನ್ನು ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬೊಬ್ಬ ತೋಟಗಾರರನ್ನು ಹೊಣೆ ಮಾಡಿ, ಸ್ವಯಂಸೇವಕರು ಅವರ ಜೊತೆ ದುಡಿಯುವಂತೆ ಮಾಡಿತು. ತಾವೂ ಉದ್ಯಾನದ ಒಡೆತನವಿರುವ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆದು, ಇಬ್ಬಿಬ್ಬರಿಗೆ ಒಂದೊಂದು ಮೂಲೆಯನ್ನು ವರ್ಷಪೂರ್ತಿ ವಹಿಸಿಕೊಡಿ. ಚರಂಡಿಯ ಬಾಯಿ ಬಿಡಿಸುವುದು, ಗೋಡೆಯ ಸಂದಿನಲ್ಲಿ ಮೊಳೆತ ಆಲದ ಸಸಿಯನ್ನು ಬೇರು ದಪ್ಪವಾಗುವ ಮೊದಲೇ ಕೀಳುವುದು, ಪ್ರತಿ ಋತುವಿನಲ್ಲೂ ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಒಂದು ಫೋಟೊ ತೆಗೆದು ದಿನಾಂಕ ಬರೆದಿಡುವುದು ಅವರ ಪಾಲಿಗಿರಲಿ. ಗೋಡೆಯ ಬಿರುಕು ಅಗಲವಾಗುತ್ತಿದೆಯೇ ಎಂದು ಎಂಜಿನಿಯರ್ ಕೇಳಿದ ದಿನ ಆ ಫೋಟೊಗಳೇ ಉತ್ತರ ಹೇಳುತ್ತವೆ.